ಕನಸಿನ ಊರು ಹುಡುಕುವಾಗ ಸರಾಸರಿಯನ್ನು ನಂಬಬೇಡಿ

ಪ್ರಶ್ನೆ: ನಾನು ಮನೆಯಿಂದಲೇ ಕೆಲಸ ಮಾಡುವವಳು. ಇಂಟರ್ನೆಟ್ ಇದ್ದರೆ ಯಾವ ದೇಶದಲ್ಲಾದರೂ ಇರಬಹುದು. ನನಗೆ ಸೆಖೆಯೂ ಬೇಡ, ಕೊರೆಯುವ ಚಳಿಯೂ ಬೇಡ. ವರ್ಷದ ಸರಾಸರಿ ಉಷ್ಣಾಂಶ ನೋಡಿ ಒಂದಷ್ಟು ಊರುಗಳ ಪಟ್ಟಿ ಮಾಡಿದ್ದೇನೆ. ಅದರಲ್ಲಿ ಒಂದನ್ನು ಆರಿಸಿಕೊಂಡರೆ ಆಯ್ತು, ಅಲ್ವಾ?

ಉತ್ತರ: ಆ ಪಟ್ಟಿ ಪಕ್ಕಕ್ಕಿಡಿ. ಬೇರೆ ಅಂಕಿ ಇಟ್ಟುಕೊಂಡು ಹೊಸದಾಗಿ ಮಾಡೋಣ.

ಬೀಜಿಂಗ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ತಗೊಳ್ಳಿ. ಎರಡರ ವಾರ್ಷಿಕ ಸರಾಸರಿಯೂ 13–14 ಡಿಗ್ರಿಯ ಆಸುಪಾಸು. ನಿಮ್ಮ ಪಟ್ಟಿಯಲ್ಲಿ ಇವು ಅಕ್ಕಪಕ್ಕ ಕೂರುತ್ತವೆ. ಆದರೆ ಬೀಜಿಂಗಿನ ಜನವರಿ ಸರಾಸರಿ ಸೊನ್ನೆಗಿಂತ ಕೆಳಗೆ, ಜುಲೈನದ್ದು 27ರ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಣ್ಣನೆಯ ತಿಂಗಳಿಗೂ ಬೆಚ್ಚನೆಯ ತಿಂಗಳಿಗೂ ಇರುವ ವ್ಯತ್ಯಾಸ ಆರೇಳು ಡಿಗ್ರಿ, ಅಷ್ಟೆ. ಪಕ್ಕದ ಪೆಸಿಫಿಕ್ ಸಾಗರದ ತಣ್ಣೀರು ಆ ಊರನ್ನು ಕಾಯಲೂ ಬಿಡುವುದಿಲ್ಲ, ಹೆಪ್ಪುಗಟ್ಟಲೂ ಬಿಡುವುದಿಲ್ಲ. ಒಂದೂರಿನಲ್ಲಿ ಎರಡು ಬೀರು ತುಂಬ ಬಟ್ಟೆ ಬೇಕು, ಇನ್ನೊಂದರಲ್ಲಿ ಅದೇ ಸ್ವೆಟರ್ ವರ್ಷಪೂರ್ತಿ ಆಗುತ್ತದೆ.

ಹಾಗಾಗಿ ತಿಂಗಳ ಲೆಕ್ಕ ನೋಡಿ. ಹೆಚ್ಚಿನ ದೇಶಗಳ ಹವಾಮಾನ ಇಲಾಖೆಗಳು 30 ವರ್ಷಗಳ ಸರಾಸರಿ ಪ್ರಕಟಿಸುತ್ತವೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಅದರಲ್ಲಿ ಆ ಊರಿನ ಅತಿ ಕೆಟ್ಟ ತಿಂಗಳು ಯಾವುದೆಂದು ಹುಡುಕಿ, ಅದನ್ನು ತಡೆದುಕೊಳ್ಳಬಲ್ಲಿರಾ ಯೋಚಿಸಿ. ಒಳ್ಳೆಯ ತಿಂಗಳು ಒಂದೆರಡು ಎಲ್ಲ ಊರಿಗೂ ಇರುತ್ತವೆ. ಪ್ರವಾಸದ ಫೋಟೊಗಳೆಲ್ಲ ಆಗ ತೆಗೆದವೇ.

ಇನ್ನು ಸೆಖೆ. ಅದು ಥರ್ಮಾಮೀಟರಿನಲ್ಲಿ ಪೂರ್ತಿ ಕಾಣುವುದಿಲ್ಲ. ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಜನ ಸಾಮಾನ್ಯವಾಗಿ ಶೇಕಡಾ ಲೆಕ್ಕದ ತೇವಾಂಶ ನೋಡುತ್ತಾರೆ. ಅದು ದಾರಿ ತಪ್ಪಿಸುತ್ತದೆ. 8 ಡಿಗ್ರಿಯ ಬೆಳಗಿನಲ್ಲಿ ತೇವಾಂಶ ಶೇ 95 ಇದ್ದರೂ ಯಾರಿಗೂ ಸೆಖೆ ಆಗುವುದಿಲ್ಲವಲ್ಲ! ನೋಡಬೇಕಾದ್ದು ಇಬ್ಬನಿ ಬಿಂದು. ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರೊಳಗಿನ ತೇವ ಹನಿಗಟ್ಟುತ್ತದೋ ಅದೇ ಇಬ್ಬನಿ ಬಿಂದು. 15ರ ಒಳಗಿದ್ದರೆ ಹಾಯಾಗಿರುತ್ತದೆ. 20 ದಾಟಿದರೆ ಮೈ ಅಂಟಂಟು. 24ಕ್ಕೆ ಬಂದರೆ ಕೂತಲ್ಲೇ ಬೆವರು.

ಸಿಂಗಪುರದಲ್ಲಿ ಇದು ವರ್ಷವಿಡೀ 24ರ ಆಸುಪಾಸಿನಲ್ಲೇ ಇರುತ್ತದೆ. ಅಂಥ ಹವೆಯಲ್ಲಿ ಬೆಳಗ್ಗೆ ಮೈ ಒರೆಸಿದ ಟವೆಲ್ ಸಂಜೆಗೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಉಪ್ಪು ನೀರಾಗುತ್ತದೆ. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ನೀವು ದಿನವಿಡೀ ಮನೆಯಲ್ಲೇ ಇರುವವರು. ಆಫೀಸಿನ ಎಸಿಗೆ ಓಡಿಹೋಗುವ ದಾರಿ ನಿಮಗಿಲ್ಲ. ಕರೆಂಟ್ ಬಿಲ್ಲೂ ನಿಮ್ಮದೇ.

ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಬೇರೆಯಾಗಿ ನೋಡಿ. ಹಗಲು 35 ಇದ್ದು ರಾತ್ರಿ 18ಕ್ಕೆ ಇಳಿಯುವ ಒಣ ಊರಿನಲ್ಲಿ ಕಿಟಕಿ ತೆರೆದಿಟ್ಟು ಹಾಯಾಗಿ ಮಲಗಬಹುದು. ಹಗಲು 31, ರಾತ್ರಿ 26 ಅಂದರೆ ಅದು ಆಗದು. ಜಪಾನಿನಲ್ಲಿ 25ಕ್ಕಿಂತ ಕೆಳಗಿಳಿಯದ ರಾತ್ರಿಗಳನ್ನು ಬೇರೆಯಾಗಿಯೇ ಎಣಿಸುತ್ತಾರೆ. ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ಅದು.

ನೀವು ಕೇಳುತ್ತಿರುವ ಹವೆಗೆ ಹತ್ತಿರ ಬರುವುದು ಭೂಮಧ್ಯರೇಖೆಯ ಸುತ್ತಮುತ್ತಲಿನ ಎತ್ತರದ ಊರುಗಳು. ಸುಮಾರು 1,500 ಮೀಟರ್ ಎತ್ತರದ ಕೊಲಂಬಿಯಾದ ಮೆಡೆಜಿನ್, 1,700 ಮೀಟರ್ ದಾಟಿದ ಕೀನ್ಯಾದ ನೈರೋಬಿ, 2,850 ಮೀಟರಿನ ಈಕ್ವೆಡಾರ್ ರಾಜಧಾನಿ ಕೀಟೊ. ಅಲ್ಲಿ ಸೂರ್ಯ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ ಕಡು ಬೇಸಿಗೆ, ಕಡು ಚಳಿಗಾಲ ಎರಡೂ ಇಲ್ಲ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪಾಗುತ್ತದೆ. ಅದರಿಂದ ಉಷ್ಣವಲಯದ ಬಿಸಿಯೂ ತಗ್ಗಿತು.

ಪುಕ್ಕಟೆ ಅಂತೂ ಅಲ್ಲ. ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ನೇರಳಾತೀತ ಕಿರಣ ಜಾಸ್ತಿ. ತಂಪು ಗಾಳಿ ಬೀಸುತ್ತಿದ್ದರೂ ಚರ್ಮ ಸುಡುತ್ತದೆ, ಗೊತ್ತೇ ಆಗುವುದಿಲ್ಲ. 2,500 ಮೀಟರ್ ಮೇಲೆ ಮೊದಲ ಕೆಲವು ದಿನ ಮೆಟ್ಟಿಲು ಹತ್ತಿದರೆ ಏದುಸಿರು, ತಲೆನೋವು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಮಳೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಎಷ್ಟು ಮಿಲಿಮೀಟರ್ ಅನ್ನುವುದಕ್ಕಿಂತ ಬಿಸಿಲಿನ ಗಂಟೆಗಳನ್ನು ನೋಡಿ. ನ್ಯೂಯಾರ್ಕಿಗೆ ಬೀಳುವ ಮಳೆಯ ಅರ್ಧದಷ್ಟು ಲಂಡನ್ನಿಗೆ ಬೀಳುತ್ತದೆ. ಆದರೂ ಮಳೆಯೂರು ಅಂತ ಹೆಸರಾದದ್ದು ಲಂಡನ್, ಯಾಕೆಂದರೆ ಅಲ್ಲಿ ಮೋಡ ಸರಿಯುವುದು ಕಡಿಮೆ. ಪೆರುವಿನ ಲಿಮಾ ಇನ್ನೂ ವಿಚಿತ್ರ. ಮರುಭೂಮಿಯ ಊರು, ಮಳೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಹಂಬೋಲ್ಟ್ ಎಂಬ ತಣ್ಣನೆಯ ಸಾಗರ ಪ್ರವಾಹದಿಂದಾಗಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೂದು ಮೋಡ ಕವಿದಿರುತ್ತದೆ.

ಪ್ರಶ್ನೆ: ನನಗೆ ಚಳಿ ಅಂದರೆ ಪ್ರಾಣ. ಐಸ್‌ಲ್ಯಾಂಡ್‌ನಂಥ ಉತ್ತರದ ದೇಶದಲ್ಲಿ ನೆಲೆಸುವ ಆಸೆ. ಎರಡು ಸಲ ಜೂನ್‌ನಲ್ಲಿ ಹೋಗಿ ಬಂದೆ, ಸ್ವರ್ಗ. ಹೆದರುವಂಥದ್ದು ಏನಾದರೂ ಇದೆಯೇ?

ಉತ್ತರ: ಚಳಿಗೆ ಹೆದರಬೇಡಿ, ಕತ್ತಲೆಗೆ ಹೆದರಿ. ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್‌ನ ಚಳಿಗಾಲದ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸು. ಬೆಚ್ಚನೆಯ ಸಾಗರ ಪ್ರವಾಹದ ಪುಣ್ಯ. ಒಳ್ಳೆಯ ಕೋಟು ಇದ್ದರೆ ಸಾಕು. ಆದರೆ ನೀವು ನೋಡಿದ್ದು 21 ಗಂಟೆ ಹಗಲಿನ ಜೂನ್. ಡಿಸೆಂಬರ್ ಕೊನೆಯಲ್ಲಿ ಹಗಲು ಇರುವುದು ಸುಮಾರು ನಾಲ್ಕೇ ಗಂಟೆ. ಸೂರ್ಯ ಹುಟ್ಟುವಾಗ ಬೆಳಗಿನ ಹನ್ನೊಂದು ದಾಟಿರುತ್ತದೆ. ಬೆಳಕಿನ ಕೊರತೆಯಿಂದ ಕೆಲವರಿಗೆ ಪ್ರತಿ ಚಳಿಗಾಲವೂ ಮಂಕು ಕವಿಯುತ್ತದೆ. ವೈದ್ಯಶಾಸ್ತ್ರ 1984ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ವಿವರಿಸಿದೆ. ನಿಮಗೆ ಅದು ಆಗುತ್ತದೋ ಇಲ್ಲವೋ ಹೋಗಿ ಇದ್ದೇ ತಿಳಿಯಬೇಕು. ಮೂರನೆಯ ಸಲ ನವೆಂಬರ್ ನಡುವೆ ಹೋಗಿ, ಜನವರಿ ಮುಗಿಯುವ ತನಕ ಇರಿ. ಪ್ರವಾಸಿಯ ಹಾಗೆ ತಿರುಗಬೇಡಿ. ಅಲ್ಲೇ ಕೂತು ನಿಮ್ಮ ಮಾಮೂಲಿ ಕೆಲಸ ಮಾಡಿ. ಆಮೇಲೂ ಇಷ್ಟ ಆದರೆ ಮನೆ ಹುಡುಕಿ.

ಪ್ರಶ್ನೆ: ನಿವೃತ್ತಿ ಹತ್ತಿರ ಬಂತು. ನಮ್ಮ ಯಜಮಾನರಿಗೆ ಸಮುದ್ರದ ಅಂಚಿನಲ್ಲೇ ಮನೆ ಬೇಕಂತೆ, ಸುತ್ತ ಯಾರೂ ಇರಬಾರದಂತೆ. ನನಗೆ ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ಲೈಬ್ರರಿ, ನಾಲ್ಕು ಜನ ಬೇಕು. ಯಾರ ಮಾತು ಸರಿ?

ಉತ್ತರ: ನಿಮ್ಮದು. ಯಜಮಾನರು ನನ್ನನ್ನು ಬೈದುಕೊಂಡರೂ ಪರವಾಗಿಲ್ಲ.

ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಸಂಶೋಧಕರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ನಡುನಾಡಿನ ಮತ್ತು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನು ಕೇಳಿದಾಗ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಖುಷಿಯಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದರು. ಆದರೆ ತಮ್ಮ ತಮ್ಮ ಬದುಕಿನ ಬಗ್ಗೆ ಅವರು ಹೇಳಿಕೊಂಡ ತೃಪ್ತಿಯಲ್ಲಿ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ. ಊರು ಆರಿಸುವಾಗ ಕಣ್ಣಿಗೆ ಕುಕ್ಕುವ ಒಂದೇ ಸಂಗತಿಗೆ ನಾವು ಜಾಸ್ತಿ ತೂಕ ಕೊಡುತ್ತೇವೆ. ಅಲ್ಲಿಗೆ ಹೋಗಿ ನೆಲೆಸಿದ ಮೇಲೆ ಅದರ ಕಡೆ ಗಮನವೇ ಹೋಗುವುದಿಲ್ಲ.

ಇಬ್ಬರೂ ಕೂತು ಕಳೆದ ಮಂಗಳವಾರ ಹೇಗೆ ಕಳೆಯಿತು ಅಂತ ಗಂಟೆ ಗಂಟೆಯ ಲೆಕ್ಕ ಬರೆಯಿರಿ. ಹಾಲು ತಂದದ್ದು, ಔಷಧಿ ತಂದದ್ದು, ಗೇಟಿನ ಹತ್ತಿರ ಪಕ್ಕದ ಮನೆಯವರೊಡನೆ ಮಾತಾಡಿದ್ದು, ಎಲ್ಲ. ಆಮೇಲೆ ಅದೇ ದಿನವನ್ನು ಆ ಒಂಟಿ ಮನೆಯಲ್ಲಿಟ್ಟು ನೋಡಿ. ಯಾವುದಕ್ಕೆಲ್ಲ ಕಾರು ಬೇಕಾಗುತ್ತದೆ? ಮುಂದೆ ಒಂದು ದಿನ ಇಬ್ಬರಲ್ಲಿ ಯಾರಿಗೂ ಕಾರು ಓಡಿಸಲು ಆಗದಿದ್ದರೆ? ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ?

ಸಮುದ್ರದ್ದೂ ಅದರದೇ ಕಾಟ ಇದೆ. ಉಪ್ಪುಗಾಳಿಗೆ ಕಿಟಕಿಯ ಬಿಜಾಗರಿಯಿಂದ ಫ್ರಿಜ್ಜಿನ ಹಿಂಬದಿಯವರೆಗೆ ಎಲ್ಲ ತುಕ್ಕು ಹಿಡಿಯುತ್ತದೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ. ಮನೆ ನೋಡುವಾಗ ದಲ್ಲಾಳಿಯನ್ನು ಕೇಳಬೇಡಿ. ಅಕ್ಕಪಕ್ಕದ ಹಳಬರನ್ನು ಕೇಳಿ: ದೊಡ್ಡ ಬಿರುಗಾಳಿ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು? ಮನೆಗೆ ವಿಮೆ ಸಿಗುತ್ತದೆಯೇ ಅನ್ನುವುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ.

ರಾಜಿ ಬೇಕೇ ಬೇಕು ಅಂದರೆ, ತೀರದಿಂದ ಒಂದೆರಡು ಕಿಲೋಮೀಟರ್ ಒಳಗೆ, ಪೇಟೆಗೆ ಹತ್ತಿರ, ಎತ್ತರದ ಜಾಗದಲ್ಲಿ ಮನೆ ನೋಡಿ. ಸಮುದ್ರಕ್ಕೆ ನಡೆದು ಹೋಗಿ ಬಂದರೆ ಯಜಮಾನರ ಬೆಳಗಿನ ವಾಕಿಂಗೂ ಆಯ್ತು.