ಶಾಲೆ ಹತ್ತಿರವೋ, ಆಫೀಸ್ ಹತ್ತಿರವೋ?

ಪತ್ರ ಉದ್ದ ಆಯಿತೆಂದು ಕೊನೆಯಲ್ಲಿ ಕ್ಷಮೆ ಕೇಳಿದ್ದೀರಿ. ಅದರ ಅಗತ್ಯವೇ ಇರಲಿಲ್ಲ. ನೀವು ಅಷ್ಟು ವಿವರ ಬರೆದಿದ್ದರಿಂದಲೇ ನನಗೂ ವಿವರವಾಗಿ ಉತ್ತರಿಸಲು ಆಗುತ್ತಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ.

ನಿಮಗೂ ನಿಮ್ಮ ಯಜಮಾನರಿಗೂ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ 11 ವರ್ಷ, ಮಗನಿಗೆ 5. ಎರಡು ಬಡಾವಣೆ ನೋಡಿಟ್ಟಿದ್ದೀರಿ. ಮೊದಲನೆಯದು ಊರಾಚೆ. ಅಲ್ಲಿ ಹೆಸರುವಾಸಿ ಶಾಲೆ ಇದೆ, ಮನೆಯೂ ದೊಡ್ಡದು. ಆದರೆ ಇಬ್ಬರ ಆಫೀಸಿಗೂ ಒಂದೂಕಾಲು ಗಂಟೆ ದೂರ. ಎರಡನೆಯದು ಅರ್ಧ ಗಂಟೆ ದೂರ. ಮನೆ ಚಿಕ್ಕದು, ಶಾಲೆ ‘ಪರವಾಗಿಲ್ಲ ಅನ್ನುವಂಥದ್ದು’. ಬಂಧುಗಳೆಲ್ಲ ಮೊದಲನೆಯದನ್ನೇ ಹಿಡಿಯಿರಿ, ಓಡಾಟ ಹೇಗೋ ಅಭ್ಯಾಸ ಆಗುತ್ತೆ ಎನ್ನುತ್ತಿದ್ದಾರೆ. ನಿಮ್ಮ ಮನಸ್ಸು ಒಪ್ಪುತ್ತಿಲ್ಲ. ‘ನಾನು ನನ್ನ ಅನುಕೂಲ ನೋಡಿಕೊಳ್ಳುತ್ತಿದ್ದೇನಾ?’ ಎಂದು ಕೇಳಿದ್ದೀರಿ.

ಇಲ್ಲ. ಸುತ್ತು ಬಳಸದೆ ಹೇಳಿಬಿಡುತ್ತೇನೆ: ನೀವು ಕೊಟ್ಟಿರುವ ವಿವರ ನೋಡಿದರೆ ನನ್ನ ಮತ ಎರಡನೇ ಬಡಾವಣೆಗೆ. ಶಾಲೆ ಮಕ್ಕಳಿಗಾಗಿ, ಹತ್ತಿರದ ಆಫೀಸು ದೊಡ್ಡವರಿಗಾಗಿ ಎಂದು ಎಲ್ಲರೂ ಪಾಲು ಮಾಡಿಬಿಡುತ್ತಾರೆ. ಅದೇ ಸರಿಯಲ್ಲ. ಅಪ್ಪ ಅಮ್ಮ ರಸ್ತೆಯಲ್ಲಿ ಕಳೆಯುವ ಹೊತ್ತು ಮಕ್ಕಳ ಸಂಜೆಯಿಂದಲೇ ಕಳೆದುಹೋಗುವುದು, ಅಲ್ವಾ?

ಲೆಕ್ಕ ಹಾಕಿ ನೋಡಿ. ಹೋಗುವಾಗ 45 ನಿಮಿಷ ಜಾಸ್ತಿ, ಬರುವಾಗ 45 ನಿಮಿಷ ಜಾಸ್ತಿ. ದಿನಕ್ಕೆ ಒಂದೂವರೆ ಗಂಟೆ. ವಾರಕ್ಕೆ 5 ದಿನದಂತೆ ಏಳೂವರೆ ಗಂಟೆ. ವರ್ಷಕ್ಕೆ 48 ವಾರ ಕೆಲಸ ಎಂದು ಹಿಡಿದರೂ 360 ಗಂಟೆ. ಇದು ಒಬ್ಬರ ಲೆಕ್ಕ. ನೀವು ಇಬ್ಬರಿದ್ದೀರಿ. ಐದು ವರ್ಷದ ಮಗ ರಾತ್ರಿ ಎಂಟೂವರೆಗೆ ಮಲಗುತ್ತಾನೆ ಎಂದು ಬರೆದಿದ್ದೀರಿ. ಆರು ಗಂಟೆಗೆ ಆಫೀಸು ಬಿಟ್ಟು ಏಳೂಕಾಲಿಗೆ ಮನೆ ಸೇರಿದರೆ ಅವನ ಜೊತೆ ಸಿಗುವುದು ಒಂದೂಕಾಲು ಗಂಟೆ. ಊಟವೂ ಅದರಲ್ಲೇ ಆಗಬೇಕು. ಆರೂವರೆಗೆ ಸೇರಿದರೆ ಎರಡು ಗಂಟೆ ಸಿಗುತ್ತದೆ. ಶಾಲೆಯಲ್ಲಿ ಏನಾಯಿತು ಎಂದು ಮಗು ತಾನಾಗಿ ಬಾಯಿಬಿಡುವುದು ಇಂಥ ಸಮಯದಲ್ಲೇ. ಕೂರಿಸಿಕೊಂಡು ಕೇಳಿದರೆ ಹೇಳುವುದಿಲ್ಲ.

‘ಅಭ್ಯಾಸ ಆಗುತ್ತೆ’ ಎನ್ನುವ ಮಾತು ಅಷ್ಟು ಗಟ್ಟಿಯಲ್ಲ. 2004ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರನ್ನು ಹಿಂದಿನ ದಿನದ ಒಂದೊಂದು ಹೊತ್ತು ಹೇಗನಿಸಿತು ಎಂದು ಕೇಳಿದರು. ಎಲ್ಲಕ್ಕಿಂತ ಕಡಿಮೆ ಹಿತ ಕೊಟ್ಟಿದ್ದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಮಾಹಿತಿ ತೆಗೆದು ನೋಡಿದರು. ದೂರದಿಂದ ಓಡಾಡುವವರಿಗೆ ಸಂಬಳದಲ್ಲೋ ಒಳ್ಳೆಯ ಮನೆಯಲ್ಲೋ ಅದಕ್ಕೆ ತಕ್ಕ ಪ್ರತಿಫಲ ಸಿಗುತ್ತಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗೆ ಕಾಣಲಿಲ್ಲ. ಓಡಾಟ ಜಾಸ್ತಿಯಾದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ ಇತ್ತು. ದೊಡ್ಡ ಮನೆಯನ್ನು ಒಮ್ಮೆ ನೋಡಿ ಖುಷಿಪಡುತ್ತೇವೆ. ಓಡಾಟವನ್ನು ಮಾತ್ರ ದಿನಕ್ಕೆರಡು ಸಲ ಮಾಡಬೇಕು.

ಹಾಗಾಗಿ ಮೊದಲು ಓಡಾಟಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಹೇಳಿದ್ದರು. ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೂ ಜನ ಓಡಾಟಕ್ಕೆ ದಿನಕ್ಕೆ ಸುಮಾರು ಒಂದು ಗಂಟೆಯನ್ನೇ ಕೊಡುತ್ತ ಬಂದಿದ್ದಾರೆ, ವಾಹನದ ವೇಗ ಹೆಚ್ಚಿದಾಗ ಊರು ದೊಡ್ಡದಾಗಿದೆ ಅಷ್ಟೆ ಎಂದು. ಇದನ್ನು ನಿಯಮ ಎಂದು ಹಿಡಿಯಬೇಕಿಲ್ಲ. ಆದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎನ್ನುವುದು ಬಹುಪಾಲು ಕುಟುಂಬಗಳು ತಡೆದುಕೊಳ್ಳುವ ಲೆಕ್ಕ. 45 ನಿಮಿಷದವರೆಗೂ ಸುಧಾರಿಸಬಹುದು. ರೈಲಿನಲ್ಲಿ ಸೀಟು ಸಿಕ್ಕಿ ಕೂತು ಓದಬಹುದಾದರೆ ಇನ್ನೂ ಸ್ವಲ್ಪ ಜಾಸ್ತಿ. ಟ್ರಾಫಿಕ್‌ನಲ್ಲಿ ಗಾಡಿ ಓಡಿಸುವುದಾದರೆ ಅಷ್ಟು ಬೇಡ.

ಮನೆ ತೋರಿಸುವವರು ಹೇಳುವ ನಿಮಿಷಗಳನ್ನು ಮಾತ್ರ ನಂಬಬೇಡಿ. ಮನೆ ಬಾಗಿಲಿಂದ ಆಫೀಸಿನ ಕುರ್ಚಿಯವರೆಗೆ ಅಳೆಯಿರಿ. ಗಾಡಿ ನಿಲ್ಲಿಸುವ ಹೊತ್ತು, ಬಸ್ಸಿಗೆ ಕಾಯುವ ಹೊತ್ತು, ಲಿಫ್ಟಿನ ಸಾಲು, ಎಲ್ಲ ಸೇರಬೇಕು. ಸರಾಸರಿಗಿಂತ ಕೆಟ್ಟ ದಿನ ಎಷ್ಟಾಗುತ್ತದೆ ಎನ್ನುವುದು ಮುಖ್ಯ. ದಿನಾ 50 ನಿಮಿಷ ಆಗುವ ದಾರಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಒಂದು ದಿನ 30, ಮರುದಿನ 80 ನಿಮಿಷ ಆಗುವ ದಾರಿ ಮನೆಯ ನೆಮ್ಮದಿಯನ್ನೇ ಕೆಡಿಸುತ್ತದೆ. ಮಗು ಶಾಲೆಯ ಗೇಟಿನಲ್ಲಿ ಕಾಯುತ್ತಿರುತ್ತದೆ, ನೀವು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತೀರಿ.

‘ಹೊಸ ರಸ್ತೆ ಬರುತ್ತಂತೆ, ಆಮೇಲೆ 40 ನಿಮಿಷ ಸಾಕಂತೆ’ ಎಂದೂ ಬರೆದಿದ್ದೀರಿ. ಆ ಭರವಸೆಯ ಮೇಲೆ ಮನೆ ಹಿಡಿಯಬೇಡಿ. ಹೊಸ ಹೆದ್ದಾರಿ ಆದರೂ ಕೆಲಸಕ್ಕೆ ಹೋಗುವ ಹೊತ್ತಿಗೆ ಅದು ಮತ್ತೆ ತುಂಬಿಕೊಳ್ಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಬೇರೆ ದಾರಿಯವರು, ಬೇರೆ ಹೊತ್ತಿನವರು, ಬಸ್ಸಿನವರು ಎಲ್ಲ ಅಲ್ಲಿಗೇ ಬರುತ್ತಾರೆ. ಇವತ್ತು ಎಷ್ಟು ಹೊತ್ತು ಹಿಡಿಯುತ್ತದೋ ಅದೇ ಲೆಕ್ಕ.

ಇನ್ನೊಂದು ಅಳತೆ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ. ಹಗಲು 11 ಗಂಟೆಗೆ ಶಾಲೆಯಿಂದ ಫೋನ್ ಬರುತ್ತದೆ, ಮಗನಿಗೆ ಜ್ವರ ಬಂದಿದೆ ಎಂದು. ಅರ್ಧ ಗಂಟೆಯೊಳಗೆ ಯಾರು ಹೋಗಬಲ್ಲರು? ಮೊದಲನೇ ಬಡಾವಣೆಯಲ್ಲಿ ನಿಮ್ಮಿಬ್ಬರಲ್ಲಿ ಯಾರಿಂದಲೂ ಆಗದು. ಇಂಥ ಕಡೆ ಕೊನೆಗೆ ಒಬ್ಬರು ಕೆಲಸ ಬಿಡುವ ಮಾತು ಬರುತ್ತದೆ, ಆ ಒಬ್ಬರು ಹೆಚ್ಚಾಗಿ ತಾಯಿಯೇ ಆಗಿರುತ್ತಾರೆ. ನಿಮ್ಮ ಮನಸ್ಸು ಒಪ್ಪದೇ ಇದ್ದದ್ದಕ್ಕೆ ಇದೂ ಕಾರಣ ಇರಬಹುದು. ಯೋಚಿಸಬೇಕಾದ ಕಾರಣವೇ ಅದು.

ಈಗ ಶಾಲೆ. ಶಾಲೆ ಹೇಗಿದ್ದರೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ಶಾಲೆ ಮಗುವಿಗೆ ನಿಜವಾಗಿಯೂ ಪೆಟ್ಟು ಕೊಡುತ್ತದೆ. ಪಾಠ ನಡೆಯದ, ಹೊಡೆದು ಹೆದರಿಸುವ, ಕಾಟ ಕೊಡುವ ಮಕ್ಕಳನ್ನು ಕಂಡೂ ಕಾಣದಂತಿರುವ ಶಾಲೆಯಾದರೆ ಎಷ್ಟೇ ಹತ್ತಿರ ಇದ್ದರೂ ಬೇಡ. ಆದರೆ ನಿಮ್ಮ ಮುಂದಿರುವುದು ಒಳ್ಳೆಯ ಶಾಲೆ ಮತ್ತು ಹೆಸರುವಾಸಿ ಶಾಲೆಯ ನಡುವಿನ ಆಯ್ಕೆ ಎಂದು ನನಗೆ ಅನಿಸುತ್ತದೆ. ಅಲ್ಲಿ ಅಂತರ ನಾವು ಅಂದುಕೊಂಡಷ್ಟು ಇರುವುದಿಲ್ಲ. 1966ರಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ತಂಡ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ಇಟ್ಟುಕೊಂಡು ವರದಿ ಕೊಟ್ಟಿತು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸೌಲಭ್ಯ, ಖರ್ಚಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಅದರಲ್ಲಿ ಕಂಡಿತು. ಆಮೇಲಿನ ಸಂಶೋಧಕರು ಒಳ್ಳೆಯ ಶಿಕ್ಷಕರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ ಎಂದು ತೋರಿಸಿದ್ದಾರೆ. ಆದರೆ ಒಳ್ಳೆಯ ಶಿಕ್ಷಕರು ಹೆಸರುವಾಸಿ ಶಾಲೆಯಲ್ಲಿ ಮಾತ್ರ ಇರುತ್ತಾರೆ ಎಂದೇನೂ ಇಲ್ಲ.

ಹೆಸರಿಗೆ ನಾವು ದುಡ್ಡನ್ನೂ ತೆರುತ್ತೇವೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಬಡಾವಣೆಗಳಲ್ಲಿ ಶಾಲಾ ಗಡಿಯ (ಯಾವ ಮನೆಯ ಮಕ್ಕಳಿಗೆ ಯಾವ ಶಾಲೆ ಎಂದು ನಿರ್ಧರಿಸುವ ಗಡಿ) ಈ ಬದಿ, ಆ ಬದಿ ಇರುವ ಮನೆಗಳ ಬೆಲೆ ಹೋಲಿಸಿದ್ದರು. ಪರೀಕ್ಷೆಯ ಅಂಕ 5 ಶೇಕಡಾ ಜಾಸ್ತಿ ಇರುವ ಶಾಲೆಯ ಕಡೆ ಮನೆಗೆ ಸುಮಾರು ಎರಡೂವರೆ ಶೇಕಡಾ ಹೆಚ್ಚು ಬೆಲೆ ಇತ್ತು. ಅಂಕಗಳ ಪಟ್ಟಿ ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಶಾಲೆ ಸೇರಿಸಿಕೊಳ್ಳುವಾಗಲೇ ಮಕ್ಕಳನ್ನು ಆರಿಸುತ್ತದಾ? ಆರಿಸಿದರೆ ಆ ಅಂಕದಲ್ಲಿ ಶಾಲೆಯ ಪಾಲು ಎಷ್ಟು, ಮಕ್ಕಳದ್ದು ಎಷ್ಟು ಎಂದು ಗೊತ್ತಾಗುವುದಿಲ್ಲ. ಹಿಂದುಳಿದ ಮಗುವನ್ನು ವರ್ಷದೊಳಗೆ ಎಷ್ಟು ಮುಂದೆ ತರುತ್ತಾರೆ ಎನ್ನುವುದರಲ್ಲೇ ಶಾಲೆಯ ಕಸುಬು ಕಾಣುವುದು.

ಆದ್ದರಿಂದ ಎರಡನೇ ಬಡಾವಣೆಯ ಶಾಲೆಗೆ ಹೋಗಿ ನೋಡಿ ಬನ್ನಿ. ‘ಪರವಾಗಿಲ್ಲ’ ಎಂದು ನಿಮಗೆ ಹೇಳಿದವರು ಯಾರು? ಅವರ ಮಕ್ಕಳು ಅಲ್ಲಿ ಓದಿದ್ದಾರಾ? ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ವರ್ಷ ವರ್ಷ ಬದಲಾಗುತ್ತಿದ್ದರೆ ಒಳಗೆ ಏನೋ ಸರಿ ಇಲ್ಲ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ, ಆಟದ ಪೀರಿಯಡ್ ನಿಜವಾಗಿ ನಡೆಯುತ್ತದಾ, ಇದನ್ನೆಲ್ಲ ಕೇಳಿ. ಕಟ್ಟಡ ತೋರಿಸಲು ಮುಂದಾಗುವವರಿಗಿಂತ ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಮಕ್ಕಳ ಮುಖ ನೋಡಿ. ಅಲ್ಲಿ ಬಂದಿರುವ ಪೋಷಕರ ಜೊತೆ ಮಾತಾಡಿ.

ಸೀಟಿನ ವಿಷಯವನ್ನೂ ಮೊದಲೇ ಖಚಿತ ಮಾಡಿಕೊಳ್ಳಿ. ಕೆಲವು ಕಡೆ ಮನೆಯ ವಿಳಾಸದ ಮೇಲೆ ಶಾಲೆ ನಿರ್ಧಾರವಾಗುತ್ತದೆ, ಆ ಗಡಿಗಳು ಬದಲಾಗುತ್ತವೆ. ಇನ್ನು ಕೆಲವು ಕಡೆ ಚಿಕ್ಕ ತರಗತಿಗೆ ಬಿಟ್ಟರೆ ನಡುವೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಮಗನಿಗೆ ಸೀಟು ಸಿಕ್ಕಿ ಮಗಳಿಗೆ ಸಿಗದೇ ಹೋದರೆ ಎರಡು ಶಾಲೆ, ಎರಡು ದಿಕ್ಕು, ಎರಡು ಸಮಯ. ಊರಾಚೆಗೆ ಹೋಗುವ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಮಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ‘ಊರು ಬಿಡುವ ವಿಷಯ ಗೊತ್ತಾದಾಗಿನಿಂದ ಸುಮ್ನೆ ಇರುತ್ತಾಳೆ’ ಎಂದು. ನನ್ನನ್ನು ಹೆಚ್ಚು ಕಾಡಿದ ಸಾಲು ಇದೇ. 11 ವರ್ಷಕ್ಕೆ ಗೆಳತಿಯರೇ ಅರ್ಧ ಪ್ರಪಂಚ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಬಡ ಕೇರಿಗಳ ಕುಟುಂಬಗಳಿಗೆ ಉತ್ತಮ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟಿದ್ದರು. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಆ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ ಎಂದು ನೋಡಿ 2016ರಲ್ಲಿ ಪ್ರಕಟಿಸಿದರು. 13 ವರ್ಷದೊಳಗೆ ಹೋದ ಮಕ್ಕಳ ಆದಾಯ, ಹೋಗದವರಿಗಿಂತ ಸುಮಾರು 31 ಶೇಕಡಾ ಹೆಚ್ಚಿತ್ತು. ದೊಡ್ಡ ಮಕ್ಕಳಿಗೆ ಅಂಥ ಲಾಭ ಆಗಲಿಲ್ಲ, ಸ್ವಲ್ಪ ನಷ್ಟವೇ ಕಂಡಿತು. ಆ ವಯಸ್ಸಿನಲ್ಲಿ ಬೇರು ಕೀಳುವುದು ಕಷ್ಟ ಎಂಬುದು ಅವರ ವಿವರಣೆ. ನಿಮ್ಮ ಪರಿಸ್ಥಿತಿ ಬೇರೆ, ಆ ಅಂಕಿಗಳನ್ನು ಹಾಗೇ ತಂದು ಹಾಕಲು ಬರುವುದಿಲ್ಲ. ಆದರೆ ಮಗಳನ್ನು ಈಗ ಒಮ್ಮೆ ಕದಲಿಸಿದ ಮೇಲೆ ಎರಡು ಮೂರು ವರ್ಷಕ್ಕೆ ಮತ್ತೆ ಕದಲಿಸಬಾರದು ಎನ್ನುವುದಕ್ಕೆ ಅಷ್ಟು ಸಾಕು.

ಓಡಾಟಕ್ಕೆ ಸೋತು ಜಾಗ ಬದಲಾಯಿಸುವ ಕುಟುಂಬಗಳಲ್ಲಿ ಆಗುವುದು ಅದೇ. ಮನೆ ಬದಲಾಯಿಸಬಹುದು, ಶಾಲೆಯನ್ನು ಪದೇ ಪದೇ ಬದಲಾಯಿಸಬಾರದು. ಆದ್ದರಿಂದ ಮೊದಲ ವರ್ಷ ಬಾಡಿಗೆಗೆ ಇರಿ. ಮಳೆ, ಪರೀಕ್ಷೆ, ರಜೆ ಎಲ್ಲ ಬಂದು ಹೋಗಲಿ. ಆಮೇಲೆ ಅದೇ ಶಾಲೆಯ ಸುತ್ತ ಮನೆ ಹುಡುಕಿ.

ಮಗಳು ಶಾಲೆಗೆ ನಡೆದು ಹೋಗುವಂತಿದ್ದರೆ ಅದಕ್ಕೆ ದೊಡ್ಡ ಮನೆಗಿಂತ ಹೆಚ್ಚು ಬೆಲೆ ಕೊಡಿ. ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲಿ ಬಡಾವಣೆಯ ನಕ್ಷೆ ಹೇಗಿರಬೇಕೆಂದು ಹೇಳುವಾಗ ಶಾಲೆಯನ್ನು ನಡುವೆ ಇಟ್ಟು, ದೊಡ್ಡ ರಸ್ತೆಗಳನ್ನು ಅಂಚಿಗೆ ತಳ್ಳಿದ್ದರು. ಮಕ್ಕಳು ದೊಡ್ಡ ರಸ್ತೆ ದಾಟದೆ ಶಾಲೆ ಸೇರಬೇಕು ಎಂಬುದು ಅವರ ಲೆಕ್ಕ. ಮನೆಯ ಮುಂದಿನ ರಸ್ತೆಯೂ ಮುಖ್ಯ. ನಗರ ವಿನ್ಯಾಸದ ಸಂಶೋಧಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದಿನಕ್ಕೆ ಸುಮಾರು 2,000 ವಾಹನ ಓಡುವ ರಸ್ತೆಯನ್ನೂ 16,000 ಓಡುವ ರಸ್ತೆಯನ್ನೂ ಹೋಲಿಸಿದಾಗ, ಕಡಿಮೆ ವಾಹನ ಇದ್ದ ಕಡೆ ಜನರಿಗೆ ಅದೇ ಬೀದಿಯಲ್ಲಿ ಮೂರು ಪಟ್ಟು ಸ್ನೇಹಿತರಿದ್ದರು. ಹೊಸ ಊರಿನಲ್ಲಿ ನಿಮ್ಮ ಮಗಳಿಗೆ ಬೇಕಾಗಿರುವುದು ಅದೇ ಅಲ್ವಾ?

ನನ್ನ ಸಲಹೆ ತಿರುಗುವ ಸಂದರ್ಭಗಳೂ ಇವೆ. ನಿಮ್ಮ ಮಕ್ಕಳಲ್ಲಿ ಒಬ್ಬರಿಗೆ ಓದಿನಲ್ಲೋ ಮಾತಿನಲ್ಲೋ ವಿಶೇಷ ನೆರವು ಬೇಕಿದ್ದು, ಅದು ಮೊದಲನೇ ಶಾಲೆಯಲ್ಲಿ ಮಾತ್ರ ಸಿಗುವುದಾದರೆ ಅಲ್ಲಿಗೇ ಹೋಗಿ, ಆಫೀಸಿನ ಕಡೆ ಬೇರೆ ದಾರಿ ಹುಡುಕೋಣ. ಇಬ್ಬರಲ್ಲಿ ಒಬ್ಬರಿಗೆ ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಎಂದು ಲಿಖಿತವಾಗಿ ಸಿಕ್ಕರೂ ಲೆಕ್ಕ ಬದಲಾಗುತ್ತದೆ. ಬಾಯಿಮಾತಿನ ಭರವಸೆ ಸಾಲದು, ಮ್ಯಾನೇಜರ್ ಬದಲಾದರೆ ಅದೂ ಹೋಗುತ್ತದೆ.

ಮುಂದಿನ ತಿಂಗಳು ಭಾನುವಾರ ಹೋಗಿ ಮನೆ ಅಂತಿಮ ಮಾಡುತ್ತೇವೆ ಎಂದಿದ್ದೀರಿ. ದಯವಿಟ್ಟು ಭಾನುವಾರ ಬೇಡ. ಒಂದು ದಿನ ರಜೆ ಹಾಕಿ, ಶಾಲೆ ನಡೆಯುವ ಮಂಗಳವಾರವೋ ಬುಧವಾರವೋ ಹೋಗಿ. ಬೆಳಿಗ್ಗೆ ಎಂಟಕ್ಕೆ ಎರಡನೇ ಬಡಾವಣೆಯಿಂದ ಆಫೀಸಿಗೆ, ಸಂಜೆ ಆರಕ್ಕೆ ಆಫೀಸಿನಿಂದ ಮೊದಲನೇ ಬಡಾವಣೆಗೆ ನೀವೇ ಹೋಗಿ ನೋಡಿ. ಮಗಳನ್ನೂ ಕರೆದುಕೊಂಡು ಹೋಗಿ, ಎರಡೂ ಶಾಲೆ ಅವಳಿಗೆ ತೋರಿಸಿ. ತೀರ್ಮಾನದ ಭಾರ ಅವಳ ಮೇಲೆ ಹಾಕಬೇಡಿ, ಆದರೆ ಅವಳು ಏನು ಹೇಳುತ್ತಾಳೋ ಬರೆದಿಟ್ಟುಕೊಳ್ಳಿ. ಅದಾದ ಮೇಲೂ ಮೊದಲನೆಯದೇ ಸರಿ ಅನಿಸಿದರೆ ನನಗೆ ಇನ್ನೊಂದು ಪತ್ರ ಹಾಕಿ, ಅಲ್ಲಿದ್ದುಕೊಂಡು ಸಂಜೆಯ ಹೊತ್ತು ಹೇಗೆ ಉಳಿಸಿಕೊಳ್ಳಬಹುದು ಎಂದು ನೋಡೋಣ.