ಬಂಗಾರದ ಮಾಡಿನ ಕೆಳಗೆ ಎಷ್ಟು ಹೊತ್ತು ನಿಲ್ಲಬೇಕು?

ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಊರಿನ ಬಗ್ಗೆ ಹೋದ ತಿಂಗಳು ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಆಲ್ಪ್ಸ್ ಬೆಟ್ಟಗಳ ನಡುವಿನ ಹಳೇ ಪೇಟೆ ಅದು. ಅಲ್ಲಿ 'ಬಂಗಾರದ ಮಾಡು' ಅಂತ ಒಂದಿದೆ. ಹಳೇ ಅರಮನೆಯ ಮುಂಭಾಗದಿಂದ ಬೀದಿಗೆ ಚಾಚಿಕೊಂಡ ಉಪ್ಪರಿಗೆ, ಅದರ ಮೇಲೆ ಚಿನ್ನ ಲೇಪಿಸಿದ ತಾಮ್ರದ ಹಂಚು. ಅಷ್ಟು ಬರೆದದ್ದಕ್ಕೇ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪ್ರಶ್ನೆಗಳು ಬಂದಿವೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಆ ಕಡೆ ಇದ್ದಾರೆ, ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗಳು ಮ್ಯೂನಿಕ್‌ನಲ್ಲಿ ಇದ್ದಾಳೆ. ಮೇ ತಿಂಗಳಲ್ಲಿ ನಾನು ಮತ್ತು ನಮ್ಮನೆಯವರು ಹೋಗುತ್ತೇವೆ. ಇನ್ಸ್‌ಬ್ರುಕ್‌ಗೆ ಒಂದು ದಿನ ಹೋಗಿ ಬರೋಣ ಅಂತ ಮಗಳ ಆಸೆ. ಅಳಿಯ ಮಾತ್ರ, "ಅತ್ತೆ, ಅದೇನು ದೊಡ್ಡದಲ್ಲ, ಒಂದು ಬಾಲ್ಕನಿ ಅಷ್ಟೇ" ಅಂತಾರೆ. ನಿಜಕ್ಕೂ ನೋಡುವಂಥದ್ದಾ? (ಶಿರಸಿಯಿಂದ)

ಉತ್ತರ: ಹೋಗಿ ಅಕ್ಕೋರೇ, ಖಂಡಿತ ಹೋಗಿ. ನಿಮ್ಮ ಅಳಿಯಂದಿರು ಹೇಳಿದ್ದು ಸುಳ್ಳೇನಲ್ಲ, ಅದು ಸಣ್ಣದೇ. ನಾನು ಮೊದಲ ಸಲ ಹೋದಾಗ ಟೂರ್ ಬಸ್ಸಿನಲ್ಲಿ ಹೋಗಿದ್ದೆ. ಇಪ್ಪತ್ತು ನಿಮಿಷ ಟೈಮ್ ಕೊಟ್ಟಿದ್ದರು, ಅದರಲ್ಲಿ ಹತ್ತು ನಿಮಿಷ ಫೋಟೋಕ್ಕೇ ಹೋಯಿತು, ಬಸ್ಸು ಹತ್ತಿದ ಮೇಲೆ ಏನು ನೋಡಿದೆ ಅಂತ ನೆನಪು ಮಾಡಿಕೊಂಡರೆ ಹಳದಿ ಹೊಳಪು ಬಿಟ್ಟು ಬೇರೇನೂ ನೆನಪಾಗಲಿಲ್ಲ. ತುಂಬಾ ಬೇಜಾರಾಯಿತು. ಎರಡನೇ ಸಲ ನಮ್ಮ ಅಮ್ಮನ ಜೊತೆ ಹೋದೆ. ಇಡೀ ದಿನ ಇದ್ದೆವು. ನೋಡಿದ್ದು ಅವತ್ತು.

ನೀವು ಬನವಾಸಿಗೆ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ, ಅಲ್ವಾ? ಮಧುಕೇಶ್ವರ ದೇವಸ್ಥಾನದಲ್ಲಿ ಸೋದೆ ಅರಸರು ಕೊಟ್ಟ ಕಲ್ಲಿನ ಮಂಚ ಇದೆಯಲ್ಲ, ದಾಟಿಕೊಂಡು ಹೋದವರಿಗೆ ಅದು ಬರೀ ಕಲ್ಲು. ಹತ್ತಿರ ಬಗ್ಗಿ ಕೆತ್ತನೆ ನೋಡಿದವರಿಗೆ ಹೊರಡಲು ಮನಸ್ಸು ಬರುವುದಿಲ್ಲ. ಇದೂ ಹಾಗೇ. ಮಾಡಿನ ಹೊಳಪು ಮೊದಲು ಕಣ್ಣಿಗೆ ಬೀಳುತ್ತದೆ, ಆದರೆ ಜೀವ ಇರುವುದು ಅದರ ಕೆಳಗಿನ ಕೆತ್ತನೆಯಲ್ಲಿ.

ಮೊದಲು ಅದನ್ನು ಯಾಕೆ ಕಟ್ಟಿದರು ಅಂತ ತಿಳಿದುಕೊಂಡರೆ ನೋಡುವುದು ಸುಲಭ. ಮಾರಿಕಾಂಬೆ ಜಾತ್ರೆಯಲ್ಲಿ ರಥ ಬಿಡ್ಕಿಬೈಲಿಗೆ ಬರುವಾಗ ಬೀದಿ ಬದಿಯ ಉಪ್ಪರಿಗೆಗಳಲ್ಲಿ ಜನ ಹೇಗೆ ತುಂಬಿಕೊಳ್ಳುತ್ತಾರೆ, ನಿಮಗೆ ಹೇಳಬೇಕಾಗಿಲ್ಲ. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ತನಗೆ ಅಂಥದ್ದೊಂದು ಉಪ್ಪರಿಗೆ ಮಾಡಿಸಿಕೊಂಡ. ಕೆಳಗಿನ ಚೌಕದಲ್ಲಿ ನಡೆಯುವ ಕಾಳಗದ ಪಂದ್ಯ, ಹಬ್ಬ, ಕುಣಿತ ಎಲ್ಲವನ್ನೂ ಅವನು, ಅವನ ಮನೆಯವರು ಅಲ್ಲಿ ಕೂತು ನೋಡುತ್ತಿದ್ದರು. ಊರವರೂ ಅವನನ್ನು ನೋಡುತ್ತಿದ್ದರು. 1500ರ ಹೊತ್ತಿಗೆ ಕೆಲಸ ಮುಗಿಯಿತು. ಕಟ್ಟಿದವನು ನಿಕೋಲಾಸ್ ಟ್ಯೂರಿಂಗ್ ಅನ್ನುವ ಮೇಸ್ತ್ರಿ.

ಈಗ ಮೇಲಿನ ಸಾಲಿನ ಕೆತ್ತನೆ ನೋಡಿ. ನಟ್ಟನಡುವೆ ಚಕ್ರವರ್ತಿ ಎರಡು ಸಲ ಬರುತ್ತಾನೆ. ಒಂದರಲ್ಲಿ ಅವನ ಜೊತೆ ಇಬ್ಬರು ಹೆಂಗಸರು, ಇಬ್ಬರೂ ಅವನ ಹೆಂಡಂದಿರೇ. ಒಬ್ಬಳು ಬರ್ಗಂಡಿಯ ಮೇರಿ, ಇನ್ನೊಬ್ಬಳು ಮಿಲಾನಿನ ಬಿಯಾಂಕಾ ಮರಿಯಾ ಸ್ಫೋರ್ಜಾ. ಮೇರಿ ಕುದುರೆಯಿಂದ ಬಿದ್ದು 1482ರಲ್ಲೇ ತೀರಿಕೊಂಡಿದ್ದಳು. ಬಿಯಾಂಕಾ ಮದುವೆಯಾಗಿ ಬಂದದ್ದು 1494ರಲ್ಲಿ. ಅಂದರೆ ಕಲ್ಲಿನಲ್ಲಿ ಒಟ್ಟಿಗೆ ಇರುವ ಈ ಇಬ್ಬರು ಒಂದೇ ಮನೆಯಲ್ಲಿ ಒಂದು ದಿನವೂ ಒಟ್ಟಿಗೆ ಇದ್ದವರಲ್ಲ. ನಮ್ಮ ಅಮ್ಮನಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸತ್ತವಳನ್ನೂ ಬಿಡಲಿಲ್ಲ, ಬಂದವಳನ್ನೂ ಪಕ್ಕಕ್ಕೆ ತಳ್ಳಲಿಲ್ಲ, ಆದರೆ ಈ ಹುಡುಗಿಗೆ ದಿನಾ ಅದನ್ನು ನೋಡಿದರೆ ಹೇಗನ್ನಿಸುತ್ತಿತ್ತೋ" ಅಂದರು. ನನಗೆ ಯಾವ ಗೈಡ್ ಹೇಳಿದ್ದಕ್ಕಿಂತ ಆ ಮಾತೇ ಜಾಸ್ತಿ ನೆನಪಿದೆ.

ನಡುವಿನ ಆ ಎರಡು ಬಿಟ್ಟು ಅಕ್ಕಪಕ್ಕದ ಚೌಕಗಳಲ್ಲಿ ಕುಣಿಯುವವರಿದ್ದಾರೆ. ಮೊರಿಸ್ಕ ಅನ್ನುವ ಆಗಿನ ಕುಣಿತ ಅದು. ಒಬ್ಬ ಸೊಂಟ ಹಿಂದಕ್ಕೆ ಬಗ್ಗಿಸಿದ್ದಾನೆ, ಇನ್ನೊಬ್ಬನ ಕಾಲು ಒಂದು ಕಡೆ, ಮುಖ ಒಂದು ಕಡೆ. ಇಡಗುಂಜಿ, ಕೆರೆಮನೆ ಕಡೆಯ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಆ ಬಳುಕು ನೋಡಿದ ಕೂಡಲೇ ತಾಳ ಕಿವಿಗೆ ಬರುತ್ತದೆ. ಕತ್ತೆತ್ತಿ ನೋಡುವುದು ಕಷ್ಟ, ಒಂದು ಸಣ್ಣ ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ. ಈಗ ಬೀದಿಯಲ್ಲಿ ಕಾಣುವ ಕೆತ್ತನೆಗಳು ನಕಲು. ಮೂಲದವು ಅದೇ ಊರಿನ ಫೆರ್ಡಿನಾಂಡೇಯುಮ್ ಮ್ಯೂಸಿಯಂಗೆ ಸೇರಿವೆ. ಮ್ಯೂಸಿಯಂ ತೆರೆದಿದೆಯಾ ಅಂತ ಮಗಳಿಗೆ ಮೊದಲೇ ನೋಡಲು ಹೇಳಿ. ಬೀದಿಯಲ್ಲಿ ನಿಂತು ನೋಡಲು ಮಾತ್ರ ಯಾವ ಟಿಕೆಟ್ಟೂ ಇಲ್ಲ.

ವೀಸಾ ಬಗ್ಗೆಯೂ ಒಂದು ಮಾತು. ನೀವು ಜಾಸ್ತಿ ದಿನ ಇರುವುದು ಜರ್ಮನಿಯಲ್ಲಿ, ಹಾಗಾಗಿ ಷೆಂಗೆನ್ ವೀಸಾಕ್ಕೆ ಅರ್ಜಿ ಜರ್ಮನಿಗೇ ಹಾಕಬೇಕು. ಅದೇ ವೀಸಾದಲ್ಲಿ ಆಸ್ಟ್ರಿಯಾಕ್ಕೂ ಹೋಗಬಹುದು. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆ ಹಿಡಿಯಿರಿ. ಒಂದೇ ದಿನದ ಪ್ರಯಾಣ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಕೇಳುವುದುಂಟು, ಜೆರಾಕ್ಸ್ ತೋರಿಸಿದರೆ ಒಪ್ಪುವುದಿಲ್ಲ.

ಪ್ರಶ್ನೆ: ಅದು ನಿಜವಾದ ಬಂಗಾರವೇ? ನಮ್ಮ ಮನೆ ಸಮುದ್ರದ ಹತ್ತಿರ. ಗೇಟಿಗೆ ಎಷ್ಟು ಪೇಂಟ್ ಹೊಡೆದರೂ ಎರಡು ಮಳೆಗಾಲ ತಡೆಯುವುದಿಲ್ಲ. 500 ವರ್ಷ ಅದು ಹೇಗೆ ಹೊಳೆಯುತ್ತಿದೆ? (ಕಾರವಾರದಿಂದ)

ಉತ್ತರ: ನಿಜವಾದದ್ದೇ, ಆದರೆ ಗಟ್ಟಿ ಬಂಗಾರದ ಹಂಚಲ್ಲ. ಒಟ್ಟು 2,657 ತಾಮ್ರದ ಹಂಚುಗಳು. ಮೇಲೆ ತೆಳ್ಳಗೆ ಚಿನ್ನ. ನಮ್ಮ ಮಂಗಳೂರು ಹಂಚಿನ ಹಾಗೆ ದಪ್ಪ ಮಣ್ಣಿನದಲ್ಲ, ಸಣ್ಣ ಸಣ್ಣ ತಗಡು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಏರಿಸಿ ಕೂರಿಸಿದ್ದು.

ಆ ಕಾಲದ ಲೇಪದ ವಿಧಾನ ಕೇಳಿದರೆ ಮೈ ಜುಂ ಅನ್ನುತ್ತದೆ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯ ಹಾಗೆ ಮಾಡಿಕೊಳ್ಳುತ್ತಿದ್ದರು. ಅದನ್ನು ತಿಕ್ಕಿ ತೊಳೆದ ತಾಮ್ರದ ಮೇಲೆ ಸವರಿ ಬೆಂಕಿಗೆ ಹಿಡಿದರೆ ಪಾದರಸ ಹೊಗೆಯಾಗಿ ಹಾರಿಹೋಗುತ್ತಿತ್ತು. ಚಿನ್ನ ತಾಮ್ರಕ್ಕೆ ಕಚ್ಚಿಕೊಂಡು ಉಳಿಯುತ್ತಿತ್ತು. ಆಮೇಲೆ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುವುದು. ಆ ಹೊಗೆ ಶುದ್ಧ ವಿಷ. ಅದನ್ನು ಉಸಿರಾಡಿದ ಕೆಲಸಗಾರರಿಗೆ ಕೈ ನಡುಗುವುದು, ಹಲ್ಲು ಉದುರುವುದು, ತಲೆ ಕೆಡುವುದು ಎಲ್ಲ ಆಗುತ್ತಿತ್ತು. 2,657 ಅನ್ನುವ ಲೆಕ್ಕ ಓದುವಾಗ ನನಗೆ ಅಷ್ಟು ಸಲ ಬೆಂಕಿಯ ಮುಂದೆ ಕೂತವರ ನೆನಪಾಗುತ್ತದೆ. ರಾಜನ ಮುಖ ಕಲ್ಲಿನಲ್ಲಿದೆ, ಅವರ ಹೆಸರು ಎಲ್ಲೂ ಇಲ್ಲ.

ಇನ್ನು ನಿಮ್ಮ ಗೇಟು. ಅದು ಕಬ್ಬಿಣ. ಕಬ್ಬಿಣಕ್ಕೆ ನೀರು, ಗಾಳಿ ಸೇರಿದರೆ ತುಕ್ಕು, ಅದಕ್ಕೆ ನಮ್ಮ ಕಡಲಿನ ಉಪ್ಪು ಕೂಡಿದರೆ ಇನ್ನೂ ಬೇಗ. ಬಂಗಾರಕ್ಕೆ ತುಕ್ಕೇ ಇಲ್ಲ. ಮೇಲಾಗಿ ಇನ್ಸ್‌ಬ್ರುಕ್ ಇರುವುದು ಕಡಲಿನಿಂದ ಬಹಳ ದೂರ, 570 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಉಪ್ಪುಗಾಳಿ ಅಲ್ಲಿಗೆ ಮುಟ್ಟುವುದಿಲ್ಲ.

ಒಂದು ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ಅಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಮಾಡು ಇರುವ ಆ ಅರಮನೆಯನ್ನು ಮೊದಲು ಕಟ್ಟಿಸಿದವನು ನಾಲ್ಕನೇ ಫ್ರೀಡ್ರಿಕ್ ಅನ್ನುವ ದೊರೆ. ಜನ ಅವನನ್ನು 'ಖಾಲಿ ಜೇಬಿನ ಫ್ರೀಡ್ರಿಕ್' ಅಂತ ಆಡಿಕೊಳ್ಳುತ್ತಿದ್ದರಂತೆ. ಅವರ ಬಾಯಿ ಮುಚ್ಚಿಸಲು ಬಂಗಾರದ ಮಾಡು ಹಾಕಿಸಿದ ಅಂತ ಕಥೆ. ಕಥೆ ಚೆಂದ ಇದೆ, ನಿಜವಲ್ಲ. ಫ್ರೀಡ್ರಿಕ್ ಸತ್ತು 60 ವರ್ಷ ಆದ ಮೇಲೆ ಬಂದದ್ದು ಈ ಮಾಡು. ಹಾಗೆ ನೋಡಿದರೆ ಜೇಬು ಖಾಲಿ ಮಾಡಿಕೊಂಡವನು ಮ್ಯಾಕ್ಸಿಮಿಲಿಯನ್. ಬ್ಯಾಂಕಿನವರಾದ ಫುಗ್ಗರ್ ಮನೆತನದ ಹತ್ತಿರ ಅವನ ಸಾಲ ಬೆಳೆಯುತ್ತಲೇ ಹೋಯಿತು. 1518ರಲ್ಲಿ ಇದೇ ಇನ್ಸ್‌ಬ್ರುಕ್‌ನ ವಸತಿಗೃಹದವರು ಹಳೇ ಬಾಕಿ ಕೊಡದೆ ನಿಮ್ಮ ಪರಿವಾರವನ್ನು ಇಟ್ಟುಕೊಳ್ಳುವುದಿಲ್ಲ ಅಂದುಬಿಟ್ಟರು. ಅವನು ಊರು ಬಿಟ್ಟು ಹೊರಟ, ಮುಂದಿನ ಜನವರಿಯಲ್ಲಿ ವೆಲ್ಸ್ ಅನ್ನುವ ಊರಿನಲ್ಲಿ ತೀರಿಕೊಂಡ. ಬಂಗಾರದ ಮಾಡು ಇದ್ದ ಊರಿನಲ್ಲೇ ಅವನಿಗೆ ಉದ್ರಿ ಹುಟ್ಟಲಿಲ್ಲ.

ಪ್ರಶ್ನೆ: ಆಯಿಗೆ ಮೊಣಕಾಲು ನೋವು. ಎಷ್ಟು ನಡೆಯಬೇಕಾಗುತ್ತದೆ? ಹತ್ತುವುದು ಇಳಿಯುವುದು ಇದೆಯಾ? (ಕುಮಟಾದಿಂದ)

ಉತ್ತರ: ಜಾಸ್ತಿ ಇಲ್ಲ. ರೈಲು ನಿಲ್ದಾಣದಿಂದ ಹಳೇ ಪೇಟೆಗೆ ಹದಿನೈದು ನಿಮಿಷದ ನಡಿಗೆ, ರಸ್ತೆ ಸಪಾಟಾಗಿದೆ. ಹಳೇ ಪೇಟೆಯೊಳಗೆ ಮಾತ್ರ ಕಲ್ಲು ಹಾಸು. ಚಪ್ಪಲಿ ಬೇಡ, ಅಡಿ ಮೆತ್ತಗಿರುವ ಬೂಟು ಹಾಕಿಸಿ. ಮಾಡಿನ ಎದುರಿನ ಬೀದಿಯ ಎರಡೂ ಬದಿ ಮನೆಗಳ ಕೆಳಗೆ ಕಮಾನಿನ ಜಗುಲಿಗಳಿವೆ, ಮಳೆ ಬಂದರೆ ನಿಲ್ಲಬಹುದು. ಅಲ್ಲೇ ಹೊರಗೆ ಕುರ್ಚಿ ಹಾಕಿದ ಹೋಟೆಲುಗಳಿವೆ. ಒಂದು ಕಾಫಿ ಹೇಳಿ ಆಯಿಯನ್ನು ಮಾಡಿಗೆ ಮುಖ ಮಾಡಿ ಕೂರಿಸಿ. ಹಿಂದೆಯೇ ನೋರ್ಡ್‌ಕೆಟ್ಟೆ ಬೆಟ್ಟಸಾಲು, ಮೇ ತಿಂಗಳಲ್ಲೂ ತುದಿಯಲ್ಲಿ ಹಿಮ ಇರುತ್ತದೆ. ನಮ್ಮಮ್ಮ ಅಲ್ಲಿ ಒಂದೂವರೆ ಗಂಟೆ ಕೂತಿದ್ದರು. ಮೋಡ ಸರಿದು ಬಿಸಿಲು ಬಂದಾಗಲೆಲ್ಲ ಹಂಚಿನ ಬಣ್ಣ ಬದಲಾಗುತ್ತಿತ್ತು. ಒಮ್ಮೆ ಮಾಗಿದ ಅಡಿಕೆಯ ಬಣ್ಣ, ಒಮ್ಮೆ ತುಪ್ಪದ ಬಣ್ಣ. ಅವರು ಫೋಟೋ ತೆಗೆಯಲು ಕೊಡಲಿಲ್ಲ, "ನೀನೂ ಕೂತು ನೋಡು" ಅಂದರು.

ಪಕ್ಕದ ನಗರ ಗೋಪುರಕ್ಕೆ 133 ಮೆಟ್ಟಿಲು. ಆಯಿಗೆ ಬೇಡ, ನೀವು ಹತ್ತಿ ಬನ್ನಿ. 31 ಮೀಟರ್ ಎತ್ತರದಿಂದ ಬಂಗಾರದ ಮಾಡನ್ನು ಮೇಲಿನಿಂದ ನೋಡಬಹುದು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡುವುದು? (ಸಿದ್ದಾಪುರದಿಂದ)

ಉತ್ತರ: ಬೆಳಿಗ್ಗೆ ಹೊರಡುವಾಗ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ, ಅದೇ ಒಳ್ಳೆಯದು. ಅಲ್ಲಿನ ಸಸ್ಯಾಹಾರ ಅಂದರೆ ಚೀಸ್ ಹಾಕಿದ ಸ್ಪೆಟ್ಸ್‌ಲೆ, ಪಾಲಕ್ಕಿನ ಉಂಡೆ, ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆ. ಈ ಮೂರಕ್ಕೂ ಮೊಟ್ಟೆ ಹಾಕುತ್ತಾರೆ. 'ವೆಜ್' ಅಂದರೆ ಮೊಟ್ಟೆ ಇಲ್ಲ ಅಂತ ಅಲ್ಲಿ ಅರ್ಥವಿಲ್ಲ, 'ಓನೆ ಐ' ಅಂತ ಕೇಳಬೇಕು, ಮೊಟ್ಟೆ ಇಲ್ಲದ್ದು ಅಂತ. ನೀರಿಗೆ ದುಡ್ಡು ಹಾಳು ಮಾಡಬೇಡಿ. ಆ ಊರಿನ ನಲ್ಲಿಯಲ್ಲಿ ಬೆಟ್ಟದ ಒರತೆಯ ನೀರು ಬರುತ್ತದೆ, ನಮ್ಮ ಘಟ್ಟದ ಅಬ್ಬಿ ನೀರಿನ ಹಾಗೆ ತಣ್ಣಗೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಅವತ್ತು ಹೋಗುವುದಾದರೆ ಬುತ್ತಿ ಖಂಡಿತ ಬೇಕು.

ಪ್ರಶ್ನೆ: ನಾನು ಇತಿಹಾಸ ಓದುತ್ತಿರುವ ವಿದ್ಯಾರ್ಥಿನಿ. ಆ ಬಂಗಾರದ ಮಾಡಿನ ಮುಂದೆಯೇ ಒಬ್ಬರನ್ನು ಜೀವಂತ ಸುಟ್ಟರು ಅಂತ ಓದಿದೆ. ಹೌದಾ? (ಯಲ್ಲಾಪುರದಿಂದ)

ಉತ್ತರ: ಹೌದಮ್ಮ. 1536ರ ಫೆಬ್ರುವರಿಯಲ್ಲಿ. ಅವರ ಹೆಸರು ಯಾಕೋಬ್ ಹುಟ್ಟರ್. ಟೋಪಿ ಮಾಡುವ ಕಸುಬು. ಹಸುಗೂಸಿಗೆ ಜ್ಞಾನಸ್ನಾನ ಮಾಡಿಸಬಾರದು, ದೊಡ್ಡವರಾಗಿ ತಿಳಿದು ಒಪ್ಪಿದ ಮೇಲೆ ಆಗಬೇಕು ಅನ್ನುವ ಕ್ರೈಸ್ತ ಪಂಗಡದವರು. ಯುದ್ಧ ಬೇಡ, ಆಸ್ತಿ ಎಲ್ಲರಿಗೂ ಸೇರಿದ್ದು ಅಂತಲೂ ಹೇಳುತ್ತಿದ್ದರು. ಮ್ಯಾಕ್ಸಿಮಿಲಿಯನ್ನನ ಮೊಮ್ಮಗ ಫರ್ಡಿನಾಂಡ್ ಆಗ ದೊರೆ, ಆ ಪಂಗಡವನ್ನೇ ಅಳಿಸಲು ಹೊರಟಿದ್ದ. ಹುಟ್ಟರ್ ಅವರನ್ನು ಹಿಡಿದರು, ಹಿಂಸೆ ಕೊಟ್ಟರು, ಅವರು ಯಾರ ಹೆಸರನ್ನೂ ಹೇಳಲಿಲ್ಲ. ಕೊನೆಗೆ ಆ ಮಾಡಿನ ಮುಂದೆ ಸುಟ್ಟರು. ಅವರ ಹೆಂಡತಿ ಕ್ಯಾಥರಿನಾ ಅವರನ್ನೂ ಆಮೇಲೆ ಕೊಂದರು. ಅವರ ದಾರಿಯವರು ಮಾತ್ರ ಅಳಿಯಲಿಲ್ಲ. ಹುಟ್ಟರೈಟ್ ಅನ್ನುವ ಹೆಸರಿನಲ್ಲಿ ಕೆನಡಾ, ಅಮೆರಿಕದಲ್ಲಿ ಇವತ್ತಿಗೂ ಊರು ಕಟ್ಟಿಕೊಂಡು ಒಟ್ಟಾಗಿ ಬೇಸಾಯ ಮಾಡುತ್ತಿದ್ದಾರೆ.

ಅಲ್ಲಿ ಒಂದು ನೆನಪಿನ ಫಲಕ ಇದೆ. ಮೊದಲ ಸಲ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಎಲ್ಲರ ತಲೆಯೂ ಮೇಲಕ್ಕೆ ಇರುತ್ತದೆ. ಎರಡನೇ ಸಲ ಹುಡುಕಿ ಓದಿದೆ. ಅಮ್ಮ ಹತ್ತಿರ ಬಂದು, "ಏನದು?" ಅಂದರು. ಹೇಳಿದೆ. ಸೆರಗು ಸರಿ ಮಾಡಿಕೊಂಡು ಕೈ ಮುಗಿದರು. ನೀನು ಯಾವತ್ತಾದರೂ ಅಲ್ಲಿಗೆ ಹೋದರೆ ಮೊದಲು ಆ ಫಲಕದ ಹತ್ತಿರ ನಿಂತು, ಆಮೇಲೆ ಮಾಡನ್ನು ನೋಡು.