ಹೋಲಿಕೆಯಲ್ಲಿ ಯಾವಾಗಲೂ ಸೋಲುವ ಆಲ್ಫಾ ರೋಮಿಯೋ 4ಸಿ ಕಾರನ್ನು ಅದರ ಮಾಲೀಕರು ಯಾಕೆ ಬಿಡುವುದಿಲ್ಲ?

ನಿಮ್ಮ ಪ್ರಶ್ನೆ ಹೀಗಿದೆ: ಓದಿದ ಹೋಲಿಕೆಗಳಲ್ಲೆಲ್ಲ 4ಸಿ ಸೋಲುತ್ತದೆ, ಪೋರ್ಷೆ ಕೇಮನ್ ಮೇಲು, ಲೋಟಸ್ ಮೇಲು, ಆಲ್ಪೀನ್ ಮೇಲು ಅಂತಾರೆ, ಆದರೆ ಆ ಕಾರು ಇಟ್ಟುಕೊಂಡವರು ಮಾತ್ರ ಮಾರುವ ಮಾತೇ ಆಡುವುದಿಲ್ಲ, ಯಾಕೆ?

4ಸಿ ಅಂದರೆ ಇಟಲಿಯ ಆಲ್ಫಾ ರೋಮಿಯೋದವರ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, ಉಳಿದ ಮೂರೂ ಅದೇ ಜಾತಿಯವು. ನಾನು 4ಸಿ ಇಟ್ಟುಕೊಂಡವನು. ನಾಲ್ಕು ವರ್ಷವಾಯಿತು. 2015ರ ಕೆಂಪು ಕೂಪೆ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಅಂದರೆ ಪೋರ್ಷೆಯ ಸ್ವಂತ ಊರಿನಲ್ಲಿ. ಕಾರ್ಖಾನೆ ಇರುವ ಝುಫೆನ್‌ಹೌಸನ್ ನಮ್ಮ ಮನೆಯಿಂದ ಕೆಲವೇ ಸ್ಟೇಷನ್ ದೂರ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ. ಪೆಟ್ರೋಲ್ ಬಂಕಿನಲ್ಲಿ ಕೇಳ್ತಾರೆ, ಆಫೀಸಿನ ಪಾರ್ಕಿಂಗ್‌ನಲ್ಲಿ ಕೇಳ್ತಾರೆ. ಒಂದು ಸಲವಾದರೂ ಪೂರ್ತಿ ಉತ್ತರ ಕೊಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು. ವಿಮರ್ಶಕರು ಬರೆದದ್ದು ಸುಳ್ಳಲ್ಲ. 4ಸಿ ಸ್ಟಿಯರಿಂಗ್ ರಸ್ತೆಯ ಏರುತಗ್ಗಿನ ಜೊತೆ ಅತ್ತಿತ್ತ ಎಳೆಯುತ್ತದೆ, ನಿಜ. ಒಳಗಿನ ಪ್ಲಾಸ್ಟಿಕ್ ಆ ಬೆಲೆಗೆ ಸಾಲದು, ನಿಜ. ಡಿಕ್ಕಿ 110 ಲೀಟರ್ ಮಾತ್ರ. ಕೈಯಿಂದ ಹಾಕುವ ಗೇರ್ ಇಲ್ಲವೇ ಇಲ್ಲ, ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಒಂದೇ. ಅದೇ ಕಾಲದ ಕೇಮನ್ ನೋಡಿ: ಆರು ಸಿಲಿಂಡರ್, ಮುಂದೊಂದು ಹಿಂದೊಂದು ಡಿಕ್ಕಿ, ಬೇಕಾದರೆ ಮ್ಯಾನುಯಲ್ ಗೇರ್, ದಿನಾ ಆಫೀಸಿಗೂ ಒಯ್ಯಬಹುದು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಅಂಕ ಹಾಕಿದರೆ ನಾನೂ ಕೇಮನ್‌ಗೇ ಜಾಸ್ತಿ ಹಾಕುತ್ತೇನೆ.

ಆದರೆ ಹೋಲಿಕೆ ಪರೀಕ್ಷೆ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಒಂದು ಕಾರಿನಿಂದ ಇಳಿದು ಹತ್ತು ನಿಮಿಷದಲ್ಲಿ ಇನ್ನೊಂದಕ್ಕೆ ಹತ್ತುವುದು. ಕೈಗೆ ಇನ್ನೂ ಹಿಂದಿನ ಕಾರಿನ ಅಭ್ಯಾಸ ಇರುತ್ತದೆ. ಅಂಥ ಹೊತ್ತಿನಲ್ಲಿ ಬೇಗ ಒಗ್ಗುವ ಕಾರು ಗೆಲ್ಲುತ್ತದೆ. 4ಸಿ ಬೇಗ ಒಗ್ಗುವ ಕಾರಲ್ಲ. ನನ್ನ ಕೈಗೆ ಅದು ಒಗ್ಗಲು ಮೂರು ತಿಂಗಳು ಹಿಡಿಯಿತು. ನನ್ನ ಮಟ್ಟಿಗೆ ಪ್ರೀತಿ ಹುಟ್ಟಿದ್ದು ಆ ಮೂರು ತಿಂಗಳಲ್ಲೇ.

ಕಾರು ತಂದದ್ದು ಉಲ್ಮ್ ಹತ್ತಿರದ ಒಂದು ಹಳ್ಳಿಯಿಂದ, ನಿವೃತ್ತರಾದ ಒಬ್ಬರ ಹತ್ತಿರ. ಎ 8 ಹೆದ್ದಾರಿಯಲ್ಲಿ ವಾಪಸ್ ಹೊರಟೆ. ಬಲಗಡೆಯ ಲೇನ್‌ನಲ್ಲಿ ಲಾರಿಗಳು ಓಡಾಡಿ ಡಾಂಬರು ತಗ್ಗಾಗಿರುತ್ತದೆ. ಜರ್ಮನ್ನರು ಅದಕ್ಕೆ ಷ್ಪೂರ್‌ರಿಲ್ಲನ್ ಅಂತಾರೆ, ಎಚ್ಚರಿಕೆಗೆ ರಸ್ತೆ ಬದಿ ಬೋರ್ಡೂ ಹಾಕಿರುತ್ತಾರೆ. ಕಾರು ಆ ತಗ್ಗಿಗೆ ಬಂದದ್ದೇ ತಡ, ಸ್ಟಿಯರಿಂಗ್ ನನ್ನ ಕೈಯೊಳಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. ಬಿಗಿಯಾಗಿ ಹಿಡಿದೆ. ಹಿಡಿದಷ್ಟೂ ಜಾಸ್ತಿಯಾಯಿತು. ಮನೆ ಮುಟ್ಟುವಾಗ ಭುಜ ನೋಯುತ್ತಿತ್ತು, ಅಂಗೈ ಬೆವತಿತ್ತು.

ಆ ರಾತ್ರಿ ನನಗೆ ನೆನಪಾದದ್ದು ಗದಗ ಕಡೆಯ ನಮ್ಮ ಹೊಲದ ದಾರಿ. ಎರೆ ಮಣ್ಣಿನ ಸೀಮೆ ಅದು. ಮಳೆಯಲ್ಲಿ ಚಕ್ಕಡಿ ಹೋದರೆ ಗಾಲಿ ಗೇಣುದ್ದ ಇಳಿಯುತ್ತದೆ. ಬಿಸಿಲು ಬಿದ್ದ ಮೇಲೆ ಆ ಜಾಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನಾನು ಸೈಕಲ್ ಕಲಿತದ್ದು ಆ ದಾರಿಯಲ್ಲಿ. ಮುಂದಿನ ಗಾಲಿ ಜಾಡಿಗೆ ಬಿತ್ತು ಅಂದರೆ ಹ್ಯಾಂಡಲ್ ತಾನೇ ತಿರುಗುತ್ತದೆ. ಗಾಬರಿಯಾಗಿ ಎಳೆದರೆ ಬಿದ್ದೆವು ಅಂತಲೇ ಲೆಕ್ಕ. ಕೈ ಸಡಿಲ ಬಿಡಬೇಕು. ಜಾಡಿನ ಜೊತೆ ನಾಲ್ಕು ಮಾರು ಹೋಗಬೇಕು. ತಗ್ಗು ಕಡಿಮೆಯಾದ ಕಡೆ ಮೆಲ್ಲಗೆ ಮೇಲೆ ಹತ್ತಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಮೊಣಕಾಲು ತರಚಿಕೊಂಡು ಕಲಿತದ್ದು.

ಮರುದಿನ ಬೆಳಿಗ್ಗೆ ಎದ್ದು ಹಾಗೇ ಓಡಿಸಿದೆ. ಎರಡು ಬೆರಳು ಮತ್ತು ಹೆಬ್ಬೆರಳು, ಅಷ್ಟೇ. ಸ್ಟಿಯರಿಂಗ್ ಅಲುಗಾಡಿತು, ಆದರೆ ಕಾರು ನೇರ ಹೋಯಿತು! ಅಲುಗಾಟ ಬೇರೆ, ದಾರಿ ತಪ್ಪುವುದು ಬೇರೆ ಅಂತ ಗೊತ್ತಾದದ್ದು ಅವತ್ತು.

ಇದು ಹೀಗೆ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಾರಿಗೆ ಪವರ್ ಸ್ಟಿಯರಿಂಗ್, ಅಂದರೆ ತಿರುಗಿಸಲು ಕೈಗೆ ನೆರವಾಗುವ ವ್ಯವಸ್ಥೆ, ಇಲ್ಲ. ಮೋಟರ್ ಇಲ್ಲ, ಆಯಿಲ್ ಪಂಪ್ ಇಲ್ಲ. ನಿಮ್ಮ ಕೈ, ಒಂದು ರಾಡ್, ಹಲ್ಲಿನ ಪಟ್ಟಿ, ಗಾಲಿ, ಇಷ್ಟೇ. ಎಂಜಿನ್ ಸೀಟಿನ ಬೆನ್ನ ಹಿಂದೆ ಇರುವುದರಿಂದ ಮುಂದಿನ ಗಾಲಿಗಳ ಮೇಲೆ ಬೀಳುವುದು ಒಟ್ಟು ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಮಾತ್ರ. ಅದಕ್ಕೇ ಮೋಟರ್ ಇಲ್ಲದೆಯೂ ತಿರುಗಿಸಲು ಆಗುತ್ತದೆ. ಈಗ ಅಗಲವಾದ ಟೈರು ಓರೆಯಾದ ರಸ್ತೆಗೆ ಬಂತು ಅನ್ನಿ. ಟೈರು ನೆಲವನ್ನು ಒತ್ತಿ ಹಿಡಿಯುವ ಜಾಗ ಒಂದು ಬದಿಗೆ ಸರಿಯುತ್ತದೆ. ಆಗ ಗಾಲಿಯನ್ನು ತಿರುಗಿಸುವ ಒಂದು ಸಣ್ಣ ಬಲ ಹುಟ್ಟುತ್ತದೆ. ಬೇರೆ ಕಾರುಗಳಲ್ಲಿ ಅದನ್ನು ಪವರ್ ಸ್ಟಿಯರಿಂಗ್ ನುಂಗುತ್ತದೆ. ಇಲ್ಲಿ ನುಂಗಲು ಯಾರೂ ಇಲ್ಲ, ಸೀದಾ ನಿಮ್ಮ ಬೆರಳಿಗೆ ಬರುತ್ತದೆ.

ಇಲ್ಲಿ ವಿಮರ್ಶಕರ ಒಂದು ಮಾತು ಒಪ್ಪಲೇಬೇಕು. ಲೋಟಸ್ ಎಲಿಸ್ ಕಾರಿಗೂ ಪವರ್ ಸ್ಟಿಯರಿಂಗ್ ಇಲ್ಲ. ಆದರೆ ಅದು ಇಷ್ಟು ಎಳೆಯುವುದಿಲ್ಲ. ಅದರ ಮುಂದಿನ ಟೈರಿನ ಅಗಲ 175 ಮಿಲಿಮೀಟರ್, ನನ್ನ ಕಾರಿನದು 205. ಗಾಲಿ ಕೂರಿಸಿದ ಕೋನದ ಲೆಕ್ಕವೂ ಬೇರೆ. ಮೋಟರ್ ತೆಗೆದುಬಿಟ್ಟರೆ ಸಾಕು, ಸ್ಟಿಯರಿಂಗ್ ಒಳ್ಳೆಯದಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಲೋಟಸ್‌ನವರು ಈ ಕೆಲಸ ಹೆಚ್ಚು ನಯವಾಗಿ ಮಾಡಿದ್ದಾರೆ. ಹಾಗಂತ ನನ್ನ ಕಾರು ನನಗೆ ಕಡಿಮೆ ಇಷ್ಟವಾಗಲಿಲ್ಲ.

ಕಾಗದದ ಮೇಲಿನ ಅಂಕಿ ಬೇಕಾದರೆ: 1742 ಸಿಸಿ ಟರ್ಬೊ ಎಂಜಿನ್, ನಾಲ್ಕು ಸಿಲಿಂಡರ್, 240 ಪಿಎಸ್ (ಅಶ್ವಶಕ್ತಿ), ನೂರು ಕಿಲೋಮೀಟರ್ ವೇಗಕ್ಕೆ 4.5 ಸೆಕೆಂಡ್. ಆದರೆ ನನಗೆ ಮುಖ್ಯವಾದ ಅಂಕಿ 895. ಆಯಿಲ್, ಪೆಟ್ರೋಲ್ ಎಲ್ಲ ಬಿಟ್ಟರೆ ಕಾರಿನ ತೂಕ 895 ಕೆಜಿ. ಹೆಚ್ಚುಕಡಿಮೆ ನಮ್ಮೂರಿನ ಸ್ವಿಫ್ಟ್ ತೂಕ. ಆಗಿನ ಕೇಮನ್ ಪೆಟ್ರೋಲ್ ಎಲ್ಲ ಸೇರಿ 1300 ಕೆಜಿ ದಾಟುತ್ತದೆ.

ಈ ತೂಕ ಎಲ್ಲಿಂದ ಉಳಿಯಿತು ಅಂದರೆ, ಬಾಗಿಲು ತೆಗೆದರೆ ಕಣ್ಣಿಗೇ ಕಾಣುತ್ತದೆ. ಹೊಸ್ತಿಲಿನ ಹಾಗೆ ಅಗಲವಾದ ಕಪ್ಪು ಅಂಚು. ಪೇಂಟ್ ಇಲ್ಲ, ಕಾರ್ಪೆಟ್ ಇಲ್ಲ, ನೇಯ್ದ ಕಾರ್ಬನ್ ಫೈಬರ್ ಹಾಗೇ ಬರಿಮೈಯಲ್ಲಿ ಕೂತಿರುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಚಾಪೆಯ ಹೆಣಿಗೆ ಎದ್ದು ಕಾಣುವ ಹಾಗೆ ಅದರ ಎಳೆ ಎಳೆ ಕಾಣುತ್ತದೆ. ಕೂರುವ ತೊಟ್ಟಿ, ಅಂದರೆ ಸೀಟುಗಳನ್ನು ಹೊತ್ತಿರುವ ಕಾರಿನ ನಡುವಿನ ಚೌಕಟ್ಟು, ಪೂರ್ತಿ ಅದರದ್ದೇ, ತೂಕ 65 ಕೆಜಿ. 2013ರಲ್ಲಿ ಈ ಕಾರು ಬಂದಾಗ ಇಂಥ ತೊಟ್ಟಿ ಇದ್ದದ್ದು ಮೆಕ್ಲಾರೆನ್, ಲಂಬೋರ್ಗಿನಿ ಅವೆಂಟಡೋರ್‌ನಂಥ ಬಹಳ ದುಬಾರಿ ಕಾರುಗಳಿಗೆ. 4ಸಿ ಜೋಡಿಸಿದ್ದು ಮೊಡೆನಾದ ಮಸೆರಾಟಿ ಕಾರ್ಖಾನೆಯಲ್ಲಿ. ಅಲ್ಲೇ ಹತ್ತಿರದ ಮಾರನೆಲ್ಲೋದಲ್ಲಿ ಆಗ ತಯಾರಾಗುತ್ತಿದ್ದ ಫೆರಾರಿ 458ರಂಥ ದುಬಾರಿ ಕಾರಿಗೂ ಇದ್ದದ್ದು ಕಾರ್ಬನ್ ಅಲ್ಲ, ಅಲ್ಯೂಮಿನಿಯಂ ಚೌಕಟ್ಟು. ದುಡ್ಡನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ಗೆ ಹಾಕದೆ ಕೂರುವ ತೊಟ್ಟಿಗೆ ಹಾಕಿದ್ದಾರೆ. ಒಳಗಿನ ಬಾಗಿಲ ಹಿಡಿಕೆ ಒಂದು ತೊಗಲಿನ ಪಟ್ಟಿ, ಅಷ್ಟೇ. ನನಗೆ ಆ ಪಟ್ಟಿ ಬಹಳ ಇಷ್ಟ. ನಾಲ್ಕು ವರ್ಷದಲ್ಲಿ ನನ್ನ ಬೆರಳು ತಾಗುವ ಕಡೆ ಮೆತ್ತಗಾಗಿ ಹೊಳೆಯುತ್ತಿದೆ.

ಈಗ ಕೇಮನ್ ವಿಷಯ. ಮೈಸೂರಿನ ಗೆಳೆಯನೊಬ್ಬ ಇಲ್ಲೇ ಇದ್ದಾನೆ. ಅವನ ಹತ್ತಿರ 2.7 ಲೀಟರಿನ ಕೇಮನ್ ಇದೆ, ಮ್ಯಾನುಯಲ್. ಹೋದ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಬಿ 500 ರಸ್ತೆಗೆ ಹೋದೆವು. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ವರೆಗೆ ಕಪ್ಪು ಕಾಡು (ಬ್ಲ್ಯಾಕ್ ಫಾರೆಸ್ಟ್) ಅನ್ನುವ ಬೆಟ್ಟಸಾಲಿನ ಬೆನ್ನೇಣಿನ ಮೇಲೇ ಹೋಗುವ ದಾರಿ ಅದು, ಸುಮಾರು 60 ಕಿಲೋಮೀಟರ್. ಮುಮ್ಮೆಲ್‌ಸೇ ಕೆರೆಯ ಹತ್ತಿರ ನಿಲ್ಲಿಸಿ ಕೀ ಬದಲಾಯಿಸಿಕೊಂಡೆವು.

ಕೇಮನ್ ಎಷ್ಟು ಚೆಂದದ ಕಾರು! ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ. ತಿರುವಿನಲ್ಲಿ ಮೈ ಕದಲುವುದಿಲ್ಲ. ಎಂಜಿನ್ ಮೇಲೆ ಮೇಲೆ ಹೋದಂತೆ ಹಾಡುತ್ತದೆ. ಹದಿನೈದು ನಿಮಿಷ ಓಡಿಸಿದ ಮೇಲೆ ನನಗೊಂದು ವಿಷಯ ಅರಿವಿಗೆ ಬಂತು. ನಾನು ಸೋಮವಾರದ ಮೀಟಿಂಗ್ ಬಗ್ಗೆ ಯೋಚಿಸುತ್ತಿದ್ದೆ. ಆ ರಸ್ತೆಯಲ್ಲಿ ಹಲವು ಕಡೆ ಗಂಟೆಗೆ 70 ಕಿಲೋಮೀಟರ್ ಮಿತಿ. ಕೇಮನ್‌ಗೆ ಎಪ್ಪತ್ತು ಅಂದರೆ ನಿದ್ದೆ. ಅದರ ಶಕ್ತಿಯೆಲ್ಲ ಇರುವುದು ನಾನು ಹೋಗಬಾರದ ವೇಗದಲ್ಲಿ. ನನ್ನ 4ಸಿಗೆ ಅದೇ ಎಪ್ಪತ್ತರಲ್ಲಿ ಕೈತುಂಬ ಕೆಲಸ. ಡಾಂಬರು ಬದಲಾದದ್ದು ಬೆರಳಿಗೆ ಗೊತ್ತಾಗುತ್ತದೆ, ಮರದ ನೆರಳಿನಲ್ಲಿ ಒದ್ದೆ ಉಳಿದದ್ದು ಗೊತ್ತಾಗುತ್ತದೆ. ಕಿವಿಯ ಹಿಂದೆಯೇ ಟರ್ಬೊ ಉಸಿರೆಳೆದುಕೊಳ್ಳುತ್ತದೆ, ಕಾಲು ತೆಗೆದರೆ ಬುಸ್ ಅಂತ ಬಿಡುತ್ತದೆ. ರೇಡಿಯೋ ಹಾಕುವ ನೆನಪೇ ಬರುವುದಿಲ್ಲ. ನಾನಂತೂ ಒಂದು ದಿನವೂ ಇದರಲ್ಲಿ ಕೂತು ಮೀಟಿಂಗ್ ಬಗ್ಗೆ ಯೋಚಿಸಿದ್ದಿಲ್ಲ. ಯೋಚಿಸಲು ಈ ಕಾರು ಬಿಡುವುದಿಲ್ಲ.

ಗೆಳೆಯ ನನ್ನ ಕಾರಿನಿಂದ ಇಳಿದವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಗೈ ಕೆಂಪಾಗಿತ್ತು, ಉಜ್ಜಿಕೊಳ್ಳುತ್ತಿದ್ದ. ಆಮೇಲೆ, "ದಿನಾ ಆಗಲ್ಲಪ್ಪ ಇದು" ಅಂದ. ಕೀ ಮಾತ್ರ ಕೊಡಲಿಲ್ಲ. "ಫ್ರಾಯ್ಡೆನ್‌ಷ್ಟಾಟ್‌ವರೆಗೆ ನಾನೇ ತರ್ತೀನಿ ಬಿಡು" ಅಂದ.

ಆಲ್ಪೀನ್ ಎ110 ಬಗ್ಗೆ ಕೇಳಿದ್ದೀರಿ. 2017ರಲ್ಲಿ ಬಂತು, 1100 ಕೆಜಿ ಆಸುಪಾಸು, ಅಲ್ಯೂಮಿನಿಯಂ ಮೈ. 4ಸಿ ಹೀಗಿರಬೇಕಿತ್ತು ಅಂತ ಹೇಳಿದವರು ಬಹಳ ಜನ. ನಾನೂ ಓಡಿಸಿ ನೋಡಿದ್ದೇನೆ. ಕೆಟ್ಟ ರಸ್ತೆಯನ್ನು ಅದು ಮೆತ್ತಗೆ ದಾಟುವ ರೀತಿ ನೋಡಿದರೆ ಅಚ್ಚರಿಯಾಗುತ್ತದೆ. ದಿನಬಳಕೆಗೆ ಒಂದೇ ಕಾರು ಇಟ್ಟುಕೊಳ್ಳುವವರು ನೀವಾದರೆ ಅದನ್ನೇ ತಗೊಳ್ಳಿ, ಎರಡನೇ ಮಾತು ಬೇಡ. ನಮ್ಮ ಮನೆಯಲ್ಲಿ ದಿನದ ಕೆಲಸಕ್ಕೆ ರೈಲಿದೆ, ಹೆಂಡತಿಯ ಕಾರಿದೆ. ಹಾಗಾಗಿ ಈ ಕಾರಿಗೆ ಎಲ್ಲ ಕೆಲಸ ಬರಬೇಕು ಅಂತ ನನಗಿಲ್ಲ. ಇದು ನಮ್ಮ ಉತ್ತರದ ದೊಡ್ಡ ಭಾಗ ಕೂಡ. ಪತ್ರಿಕೆಯವರು ಡಿಕ್ಕಿ, ಬೆಲೆ, ಆರಾಮ, ಶಬ್ದ ಎಲ್ಲಕ್ಕೂ ಅಂಕ ಹಾಕಬೇಕು, ಅದು ಅವರ ಕೆಲಸ. ನಾನು ವಾರಕ್ಕೆ ಮೂರು ಗಂಟೆ ಓಡಿಸುತ್ತೇನೆ. ಆ ಮೂರು ಗಂಟೆಯಲ್ಲಿ ಡಿಕ್ಕಿ ಲೆಕ್ಕಕ್ಕೆ ಬರುವುದಿಲ್ಲ. ಇಂಡಿಯನ್ ಅಂಗಡಿಗೆ ಹೋದರೆ ಬೇಳೆ, ತೆಂಗಿನಕಾಯಿ ಹಿಂದೆ ಇಡುತ್ತೇನೆ. ಅದು ಎಂಜಿನ್‌ಗೆ ಅಂಟಿಕೊಂಡ ಜಾಗ, ಬೆಚ್ಚಗಿರುತ್ತದೆ. ಕೊತ್ತಂಬರಿ, ಕರಿಬೇವು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಬರುತ್ತವೆ.

ಅಮ್ಮ ಕಳೆದ ಬೇಸಿಗೆಯಲ್ಲಿ ಬಂದಿದ್ದರು. ಎಪ್ಪತ್ತು ದಾಟಿದೆ, ಸೀರೆ ಬೇರೆ. ಈ ಕಾರಿನ ಎತ್ತರ ನಾಲ್ಕಡಿಗಿಂತ ಕಡಿಮೆ. ಬೇಡ ಅಂದೆ. ಕೇಳಲಿಲ್ಲ. ಮೊದಲು ಆ ಕಪ್ಪು ಅಂಚಿನ ಮೇಲೆ ಕೂತರು, ಆಮೇಲೆ ಸೀಟಿಗೆ ಸರಿದರು, ಕೊನೆಗೆ ಸೀರೆ ಹಿಡಿದು ಕಾಲು ಎತ್ತಿ ಒಳಗಿಟ್ಟರು. ಇಷ್ಟು ವರ್ಷದಲ್ಲಿ ನಾನು ಇದಕ್ಕಿಂತ ಒಳ್ಳೆಯ ರೀತಿ ಕಂಡುಕೊಂಡಿಲ್ಲ, ಈಗ ಎಲ್ಲರಿಗೂ ಹಾಗೇ ಹತ್ತಲು ಹೇಳುತ್ತೇನೆ. "ಏನಪಾ, ನೆಲಕ್ಕ ಕೂತ್ಹಂಗ ಐತಿ" ಅಂದರು. ದ್ರಾಕ್ಷಿ ತೋಟಗಳ ನಡುವೆ ಅರ್ಧ ಗಂಟೆ ಸುತ್ತಿದೆವು. ಒಂದು ಕಡೆ ಕಲ್ಲು ಹಾಸಿದ ಹಳೇ ರಸ್ತೆ ಬಂತು, ಇಡೀ ಕಾರು ಟಕಟಕ ಅಂತ ನಡುಗಿತು. ಅಮ್ಮ ನಕ್ಕರು. "ನಮ್ಮ ಚಕ್ಕಡ್ಯಾಗ ಹಿಂಗ ನೋಡು, ಹಳ್ಳ ದಿಣ್ಣಿ ಎಲ್ಲಾ ಗೊತ್ತಾಗ್ತಿತ್ತು" ಅಂದರು. ಅವರಿಗೆ ನಾನು ಸ್ಟಿಯರಿಂಗ್ ಕತೆ ಹೇಳಿರಲೇ ಇಲ್ಲ.

ನೀವು ತಗೊಳ್ಳುವ ಯೋಚನೆಯಲ್ಲಿದ್ದರೆ ಮೂರು ವಿಷಯ ಹೇಳುತ್ತೇನೆ. ಗಾಲಿಯ ಅಲೈನ್‌ಮೆಂಟ್ ಈ ಕಾರು ತಿಳಿದವರ ಹತ್ತಿರವೇ ಮಾಡಿಸಿ, ಟೈರು ಹಳೆಯದಾಗಿದ್ದರೆ ಬದಲಾಯಿಸಿ. ಅರ್ಧ ಎಳೆತ ಅಲ್ಲೇ ಹೋಗುತ್ತದೆ. ಕಾರಿನ ತಳವನ್ನು ಎತ್ತಿಸಿ ನೋಡದೆ ದುಡ್ಡು ಕೊಡಬೇಡಿ. ಕಾರ್ಬನ್ ತೊಟ್ಟಿಗೆ ಪೆಟ್ಟು ಬಿದ್ದಿದ್ದರೆ ರಿಪೇರಿ ಸುಲಭವಲ್ಲ. ಮತ್ತೆ, ಒಂದೇ ಟೆಸ್ಟ್ ಡ್ರೈವ್‌ನಲ್ಲಿ ತೀರ್ಮಾನ ಮಾಡಬೇಡಿ. ಮಾರುವವರು ಒಪ್ಪಿದರೆ ಇನ್ನೊಂದು ದಿನವೂ ಹೋಗಿ, ಬೇರೆ ರಸ್ತೆಯಲ್ಲಿ ಓಡಿಸಿ.

ಸ್ಟುಟ್‌ಗಾರ್ಟ್ ಕಡೆ ಬರುವುದಿದ್ದರೆ ಇಲ್ಲೇ ಒಂದು ಸಂದೇಶ ಹಾಕಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡುತ್ತೇನೆ, ಪಕ್ಕದ ಸೀಟು ಖಾಲಿ ಇರುತ್ತದೆ. ಬ್ಯಾಗ್ ಚಿಕ್ಕದು ತನ್ನಿ.